ಅತಾವುಲ್ಲಾ ಮೇಷ್ಟ್ರು ಬರೆದ ವೆಬ್‌ಸೈಟು

ಗಂಗಾನಗರದ ಶಿವಲಿಂಗವ್ವನ ಖಾನಾವಳಿ ಮುಚ್ಚುತ್ತದಂತೆ ಎಂಬ ಸುದ್ದಿ ಅತಾವುಲ್ಲಾ ಮೇಷ್ಟ್ರ ಕಿವಿಗೆ ಬಿದ್ದಾಗ ಅವರು ಎರಡನೆಯ ಜೋಳದ ರೊಟ್ಟಿ ಮುರಿಯುತ್ತಿದ್ದರು. ಮೂರನೆಯದನ್ನು ಹಾಕಿಸಿಕೊಳ್ಳಲಿಲ್ಲ.

ಮೂವತ್ತೊಂದು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು ಅವರು. ಹೆಂಡತಿ ಫಖ್ರುನ್ನೀಸಾ ತೀರಿಕೊಂಡು ನಾಲ್ಕು ವರ್ಷವಾಗಿತ್ತು; ಮಕ್ಕಳಿರಲಿಲ್ಲ. ಅಂದಿನಿಂದ ಎರಡು ಹೊತ್ತೂ ಊಟ ಇಲ್ಲೇ. ಒಂದು ಹೊತ್ತು ತಪ್ಪಿಸಿದರೆ ಶಿವಲಿಂಗವ್ವ ಮರುದಿನ ಯಾಕೆ ಬರಲಿಲ್ಲವೆಂದು ವಿಚಾರಿಸುತ್ತಿದ್ದಳು. ಹಾಗೆ ವಿಚಾರಿಸುವವರು ಇಷ್ಟು ದೊಡ್ಡ ಬೆಂಗಳೂರಿನಲ್ಲಿ ಮೇಷ್ಟ್ರಿಗೆ ಇನ್ನೊಬ್ಬರಿರಲಿಲ್ಲ.

ಮೇನ್ ರೋಡಿನಲ್ಲಿ ಹೊಸ ಹೋಟೆಲಾದ ಮೇಲೆ ಖಾನಾವಳಿಗೆ ಜನ ಬರುವುದು ನಿಂತಿತ್ತು. ಅಲ್ಲೇ ಊಟ ಮಾಡುತ್ತಿದ್ದ ಶಿಲ್ಪ ಎಂಬ ಹುಡುಗಿ ಒಂದು ಉಪಾಯ ಹೇಳಿದಳು. ಅವಳಿಗೆ ವೆಬ್‌ಸೈಟ್ ಮಾಡುವ ಕೆಲಸ. ಖಾನಾವಳಿಗೂ ಒಂದು ಮಾಡಿಕೊಡುತ್ತೇನೆ, ಮಾತು ಮಾತ್ರ ಮೇಷ್ಟ್ರು ಬರೆಯಲಿ ಎಂದಳು.

ಮೇಷ್ಟ್ರು ಮೂರು ದಿನ ಕೂತು ಬರೆದರು. ಜೋಳ ಎಂಬ ಪದದ ವ್ಯುತ್ಪತ್ತಿಯಿಂದ ಶುರುವಾದ ಬರಹ ನಾಲ್ಕನೆಯ ಪುಟದಲ್ಲಿ ರೊಟ್ಟಿಯ ಹತ್ತಿರ ಬಂತು. ಶಿಲ್ಪ ಓದಿ, ಬಹಳ ಮೆತ್ತಗೆ ಹೇಳಿದಳು: "ಸರ್, ಇದನ್ನ ಓದಿದ್ರೆ ಪರೀಕ್ಷೆ ನೆನಪಾಗುತ್ತೆ, ಹಸಿವಾಗಲ್ಲ. ನೀವು ಒಂದ್ಸಲ ಅಡುಗೆಮನೇಲಿ ಕೂತ್ಕೊಂಡು ಬರೀರಿ."

ಕಟ್ಟಡದ ಮಾಲೀಕ ಬ್ಯಾಟರಾಯಪ್ಪನದು ಬೇರೆಯೇ ವರಾತ. ತನ್ನ ಹೆಸರು ದಪ್ಪಕ್ಷರದಲ್ಲಿ ಬರಬೇಕು, ಕಾರು ನಿಲ್ಲಿಸಲು ವಿಶಾಲ ಜಾಗವಿದೆಯೆಂದೂ ಹಾಕಬೇಕು. ಅಲ್ಲಿ ಒಂದು ಸೈಕಲ್ಲು ನಿಲ್ಲಿಸಿದರೆ ಎಮ್ಮೆ ಬಾಗಿಲಲ್ಲಿ ಸಿಕ್ಕಿಕೊಂಡ ಹಾಗಾಗುತ್ತಿತ್ತು. ಮೇಷ್ಟ್ರು ಆಗಲಿ ಎಂದರು, ಬರೆಯಲಿಲ್ಲ.

ಅವರು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತರು. ಶಿವಲಿಂಗವ್ವ ರೊಟ್ಟಿ ಬಡಿಯುತ್ತಲೇ ಮಾತಾಡಿದಳು. ಗದಗದ ಕಡೆಯ ಹಳ್ಳಿ. ತಂಗಿ ನೀಲವ್ವ ಮತ್ತು ತಾನು ಎದುರುಬದುರು ಕೂತು ರೊಟ್ಟಿ ಬಡಿದರೆ ಓಣಿಗೆಲ್ಲ ಕೇಳುತ್ತಿತ್ತು. ಅವ್ವ ಸತ್ತ ಮೇಲೆ ಅವಳ ಕಿವಿಯ ಬುಗುಡಿ ಯಾರಿಗೆಂದು ಜಗಳವಾಯಿತು. ಹದಿನೆಂಟು ವರ್ಷದಿಂದ ಮಾತಿಲ್ಲ. ತಂಗಿ ಎಲ್ಲಿದ್ದಾಳೆಂಬುದೂ ಗೊತ್ತಿಲ್ಲ.

"ಕೈಗೆ ಬುದ್ಧಿ ಇಲ್ರೀ ಮಾಸ್ತರ," ಎಂದಳು. "ಇವತ್ತಿಗೂ ಅಕಿ ಪಾಲಿನವು ಎರಡು ರೊಟ್ಟಿ ಜಾಸ್ತಿನ ಬಡೀತೈತಿ."

ಮೇಷ್ಟ್ರು ಆ ಸಂಜೆ ಹನ್ನೆರಡು ಸಾಲು ಬರೆದರು. ಶಿವಲಿಂಗವ್ವನ ಊರು, ಅಕ್ಕತಂಗಿಯರ ಹೆಸರು, ಹಂಚಿನ ಕಾವು, ತಂಗಿಗೆಂದು ದಿನಾ ಎತ್ತಿಡುವ ರೊಟ್ಟಿ. ಓದಿ ಹೇಳಿದಾಗ ಶಿವಲಿಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಇರಲಿ ಹಾಕಿರಿ ಎಂದಳು. ಶಿಲ್ಪ ಒಂದಕ್ಷರ ತಿದ್ದಲಿಲ್ಲ.

ಶನಿವಾರ ಬೆಳಿಗ್ಗೆ ಪುಟ ಹೊರಬಿತ್ತು. ಓದಿದ ಬ್ಯಾಟರಾಯಪ್ಪನಿಗೆ ಇದು ವ್ಯಾಪಾರದ ಹಾಗಿಲ್ಲ, ಹನ್ನೊಂದನೇ ದಿನದ ತಿಥಿ ಕಾರ್ಡಿನ ಹಾಗಿದೆ ಅನ್ನಿಸಿತು. ಯಾರಿಗೂ ಹೇಳದೆ ಶಿಲ್ಪಳಿಗೆ ಫೋನು ಮಾಡಿ, ಮೇಷ್ಟ್ರೇ ಹೇಳಿಕಳಿಸಿದ್ದಾರೆಂದು ನಂಬಿಸಿ, ಮೇಲ್ಗಡೆ ಒಂದು ಸಾಲು ಹಾಕಿಸಿದ: 'ದಿನಾ ಎರಡು ರೊಟ್ಟಿ ಜಾಸ್ತಿ.' ಆಮೇಲೆ ಅದನ್ನು ತನಗೆ ಗೊತ್ತಿದ್ದ ವಾಟ್ಸಾಪ್ ಗುಂಪುಗಳಿಗೆಲ್ಲ ಹಂಚಿದ.

ಹನ್ನೆರಡೂವರೆಗೆ ಬಾಗಿಲಲ್ಲಿ ಸಾಲು. ಹೆಬ್ಬಾಳದಿಂದ, ಆರ್.ಟಿ. ನಗರದಿಂದ, ವಿದ್ಯಾರಣ್ಯಪುರದಿಂದ ಬಸ್ಸು ಹತ್ತಿಯೂ ಬಂದಿದ್ದರು. ಉಂಡವರೆಲ್ಲ ಫೋನು ತೋರಿಸಿ, ಜಾಸ್ತಿ ಎರಡು ರೊಟ್ಟಿ ಎಲ್ಲಿ ಎಂದು ಕೇಳಿದರು. ಅದು ತಂಗಿಯ ಪಾಲು ಎಂದು ಮೇಷ್ಟ್ರು ಬಿಡಿಸಿ ಹೇಳಿದರೆ, ಹೆಲ್ಮೆಟ್ ಹಿಡಿದಿದ್ದವನೊಬ್ಬ, "ಸರ್, ತಂಗಿ ಬಂದಾಗ ನೋಡ್ಕೊಳ್ಳೋಣ, ಈಗ ನಮಗೆ ಕೊಡಿ," ಎಂದ. ಶಿವಲಿಂಗವ್ವ ಇಲ್ಲವೆನ್ನುವ ಹೆಂಗಸಲ್ಲ. ಬಡಿದಳು, ಬಡಿದಳು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಬಡಿಸಿದರು. ಒಬ್ಬರ ಮಜ್ಜಿಗೆ ಇನ್ನೊಬ್ಬರ ಜೇಬಿಗೆ ಹೋಯಿತು. ಮೂರು ಗಂಟೆಗೆ ಹಿಟ್ಟು ಮುಗಿಯಿತು, ಜನ ಗೊಣಗುತ್ತ ಹೋದರು. ಶಿವಲಿಂಗವ್ವನ ಎರಡೂ ಕೈ ಬಾತುಕೊಂಡಿದ್ದವು. ಮೇಷ್ಟ್ರು ಮಂಜುಗಡ್ಡೆ ತಂದು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಇಷ್ಟು ಜನ ಬಂದಮೇಲೆ ಖಾನಾವಳಿ ಮುಚ್ಚುವ ಮಾತು ಇನ್ನಿಲ್ಲ ಎಂದು ಅವರಿಗೆ ಒಳಗೊಳಗೇ ಸಮಾಧಾನ.

ಐದು ಗಂಟೆಗೆ ಒಬ್ಬ ನಡುವಯಸ್ಸಿನ ಹೆಂಗಸು ಬಂದಳು. ಊಟ ಮುಗಿದಿದೆ ಎಂದು ಮೇಷ್ಟ್ರು ಹೇಳುತ್ತಿದ್ದಂತೆ, ಅವರನ್ನು ದಾಟಿ ನೇರವಾಗಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಇಬ್ಬರು ಹೆಂಗಸರು ಅಳುವುದು ಕೇಳಿಸಿತು.

ನೀಲವ್ವ ಒಂಬತ್ತು ವರ್ಷದಿಂದ ಯಲಹಂಕದಲ್ಲಿ, ಮಗನ ಮನೆಯಲ್ಲಿ ಇದ್ದಳು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಮಧ್ಯಾಹ್ನ ಮಗ ಫೋನಿನಲ್ಲಿ ಬಂದ ಪುಟವನ್ನು ಓದಿ, ಇದು ನಮ್ಮ ದೊಡ್ಡವ್ವನೇ ಇರಬೇಕು ಎಂದಿದ್ದ.

ಅಕ್ಕನ ಕೈ ನೋಡಿದ ನೀಲವ್ವ ಒಂದೇ ಮಾತು ಹೇಳಿದಳು: "ಸಾಕು ಮಾಡಬೇ ಅಕ್ಕಾ. ಯಾರ ಸಲುವಾಗಿ ಬಡೀತಿ? ನಡಿ ಮನಿಗೆ."

ಶಿವಲಿಂಗವ್ವ ದಣಿದು ಎಷ್ಟೋ ವರ್ಷವಾಗಿತ್ತು. ನಡಿ ಅನ್ನುವವರು ಇರಲಿಲ್ಲ, ಅಷ್ಟೆ. ಒಲೆ ಆರಿಸಿ, ಟ್ರಂಕಿಗೆ ಸೀರೆ ತುಂಬಿಕೊಂಡು, ಅರ್ಧ ಗಂಟೆಯಲ್ಲಿ ಹೊರಟಳು. ಪಾತ್ರೆ ಪಡಗವನ್ನು ನಾಳೆ ತಂಗಿಯ ಮಗ ಬಂದು ಒಯ್ಯುತ್ತಾನೆಂದಳು.

ಟ್ರಂಕನ್ನು ಆಟೋದವರೆಗೆ ಮೇಷ್ಟ್ರೇ ಹೊತ್ತರು. ಆಟೋ ಹತ್ತಿ ಕೂತ ಶಿವಲಿಂಗವ್ವ ಅವರಿಗೆ ಕೈ ಮುಗಿದಳು.

"ಮಾಸ್ತರ, ನೀವು ಬರದದ್ದಕ್ಕ ನನ್ನ ತಂಗಿ ಸಿಕ್ಕಳು. ನಿಮ್ಮ ಋಣ ಹೆಂಗ ತೀರಿಸ್ಲಿ?"

ಸಾವಿರಾರು ಮಕ್ಕಳ ವಾಕ್ಯ ತಿದ್ದಿದ್ದ ಮೇಷ್ಟ್ರು, "ಕೈಗೆ ಎಣ್ಣೆ ಹಚ್ಕೊಳ್ಳಿ," ಎಂದರು. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದರು.

ಹಿಂದಿನಿಂದ ಬ್ಯಾಟರಾಯಪ್ಪ ಬಂದು ಬಾಗಿಲಿಗೆ ಬೀಗ ಹಾಕಿದ. ಮುಚ್ಚುವ ಸುದ್ದಿ ಕೇಳಿ ಮೊದಲೇ ಜಾಗ ಕೇಳಿಟ್ಟಿದ್ದ ಮೊಬೈಲ್ ಅಂಗಡಿಯವರು ಸೋಮವಾರದಿಂದಲೇ ಬರುತ್ತಾರಂತೆ. ಬೆಳಗಿನ ಪುಟ ನೋಡಿ ಬಹಳ ಮೆಚ್ಚಿದ್ದಾರಂತೆ, ಅವರಿಗೂ ಮೇಷ್ಟ್ರೇ ಬರೆದುಕೊಡಬೇಕಂತೆ. ಮೇಷ್ಟ್ರು ನೋಡೋಣ ಎಂದರು.

"ಅದಿರ್ಲಿ, ಊಟ ಆಯ್ತಾ ಮೇಷ್ಟ್ರೇ?" ಎಂದು ಬ್ಯಾಟರಾಯಪ್ಪ ವಾಡಿಕೆಯಂತೆ ಕೇಳಿದ.

ಮಧ್ಯಾಹ್ನವೆಲ್ಲ ಊರಿಗೆ ಬಡಿಸಿದ್ದ ಮೇಷ್ಟ್ರಿಗೆ ಆಗಷ್ಟೇ ನೆನಪಾಯಿತು. "ಆಗ್ಬೇಕು," ಎಂದು, ಯಾವ ಕಡೆಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಮೆಟ್ಟಿಲ ಮೇಲೆ ಕೂತರು.