ನೆರೆ ಅಳೆಯಲು ಹೋಗಿ ಡ್ಯಾಮು ಕಟ್ಟಿದ್ದು

ಇದು ನಡೆದದ್ದು ಎರಡು ಸಾವಿರದ ಆರರಲ್ಲೋ ಏಳರಲ್ಲೋ, ನನಗೆ ಖಚಿತವಿಲ್ಲ. ಆರು ಎಂದು ನನ್ನ ಹೆಂಡತಿ ವಸುಧಾ ಹೇಳುತ್ತಾಳೆ. ಅವಳು ಅಷ್ಟು ಗಟ್ಟಿಯಾಗಿ ಹೇಳುವುದರಿಂದಲೇ ಏಳಿರಬಹುದೆಂದು ನನ್ನ ಅನುಮಾನ. ಊರಿನ ಸಭೆಯಲ್ಲಿ ಎದ್ದು ನಿಂತು, “ಮೊದಲು ಅಧ್ಯಯನ ಆಗಬೇಕು!” ಎಂದು ಗುಡುಗಿದವನು ನಾನೇ ಎಂದು ನನಗೆ ನೆನಪು. ನಾನು ಎದ್ದದ್ದು ಕಾಲು ಜೋಮು ಹಿಡಿದಿದ್ದರಿಂದ, ಗುಡುಗಿದ್ದು ಹಿಟ್ಟಿನ ಮಿಲ್ಲಿನ ಸರೋಜಕ್ಕ ಎಂದು ವಸುಧಾಳ ನೆನಪು. ಮನುಷ್ಯನ ನೆನಪನ್ನು ನಂಬಬಾರದೆಂಬುದು ನನ್ನ ಸಿದ್ಧಾಂತ. ಅದರಲ್ಲಿ ನನ್ನ ನೆನಪೂ ಸೇರುತ್ತದೆ. ಆದ್ದರಿಂದ ಮುಂದೆ ನನಗೆ ಕೀರ್ತಿ ತರುವ ಭಾಗಗಳು ಬಂದರೆ ಓದುಗರು ದಯವಿಟ್ಟು ಸ್ವಲ್ಪ ಸೋಸಿಕೊಂಡು ಓದಬೇಕು. ಮಾನ ಹೋದ ಭಾಗಗಳಿಗೆ ಮಾತ್ರ ಸಾಕ್ಷಿಗಳು ಬೇಕಾದಷ್ಟಿದ್ದಾರೆ!

ನಮ್ಮ ಸಂಕದಕೊಡಿಗೆ ನರಸಿಂಹರಾಜಪುರದ ಕಡೆಯಿಂದ ಕೊಪ್ಪಕ್ಕೆ ಬರುವ ದಾರಿಯಲ್ಲಿದೆ. ಬಸ್ಸು ನಿಂತರೆ ಊರು, ನಿಲ್ಲದಿದ್ದರೆ ಒಂದು ತಿರುವು. ಭದ್ರೆಯನ್ನು ಸೇರಲು ಹೊರಟ ಕಿರುಹೊಳೆಯೊಂದು ಊರನ್ನು ಸೀಳಿಕೊಂಡು ಹೋಗುತ್ತದೆ. ಅದಕ್ಕೆ ಅಡ್ಡಲಾಗಿ ಸಿಮೆಂಟು ಪೈಪುಗಳನ್ನು ಹೂತು ಮೇಲೆ ಮಣ್ಣು ಹಾಕಿ ಮಾಡಿದ ಸಂಕ, ಅಂದರೆ ಕಿರುಸೇತುವೆ. ಆಷಾಢದಲ್ಲಿ ಬಿದಿರು, ಬೊಡ್ಡೆ, ಕಸ ಎಲ್ಲ ತೇಲಿ ಬಂದು ಪೈಪಿನ ಬಾಯಿಗೆ ಸಿಕ್ಕಿಕೊಂಡರೆ ಮುಗಿಯಿತು, ಹೊಳೆ ಹಿಂದಕ್ಕೆ ತಿರುಗಿ ಕೇರಿಗೆ ನುಗ್ಗುತ್ತದೆ. ಮೊದಲು ನುಗ್ಗುವುದು ಸರೋಜಕ್ಕನ ಹಿಟ್ಟಿನ ಮಿಲ್ಲಿಗೆ. ಪ್ರತಿ ಮಳೆಗಾಲದಲ್ಲೂ ಅವರು ಮೋಟಾರು ಬಿಚ್ಚಿ, ನಾಲ್ಕು ಜನರ ಕೈಯಲ್ಲಿ ಹೊರಿಸಿ, ಪಕ್ಕದ ಕೃಷ್ಣಯ್ಯನವರ ಅಟ್ಟದ ಮೇಲೆ ಕೂರಿಸಬೇಕು. ಹಿಂದಿನ ವರ್ಷ ಬಿಚ್ಚುವ ಮೊದಲೇ ನೀರು ಬಂದು ಮೋಟಾರು ಸುಟ್ಟುಹೋಗಿತ್ತು.

“ಇನ್ನೊಂದು ಸಲ ಮುಳುಗಿದ್ರೆ ನಾನು ಮಿಲ್ಲು ಮುಚ್ಚಿ ತಮ್ಮನ ಮನೆಗೆ ಹೋಗೋದೇ. ನೀವೆಲ್ಲ ದೋಸೆಹಿಟ್ಟಿಗೂ ಬಸ್ಸು ಹತ್ಕಂಡು ಪೇಟೆಗೆ ಹೋಗಿ,” ಎಂದು ಸರೋಜಕ್ಕ ಸಭೆಯಲ್ಲಿ ಹೇಳಿಬಿಟ್ಟರು. ಇದರಲ್ಲಿ ನನ್ನ ನೆನಪೂ ವಸುಧಾಳ ನೆನಪೂ ಒಂದೇ.

ಸಭೆಗೆ ಬಂದಿದ್ದ ಇಂಜಿನಿಯರು ಒಳ್ಳೆಯ ಮನುಷ್ಯ. “ನೀರು ಯಾವ ಮನೆಗೆ ಎಷ್ಟೆತ್ತರ ಬರುತ್ತೆ ಅಂತ ಸರಿಯಾಗಿ ತೋರಿಸಿ. ಮುಂದಿನ ಮಂಗಳವಾರ ಬರ್ತೀನಿ. ಆಧಾರ ಇದ್ರೆ ಪೈಪು ಕಿತ್ತು ದೊಡ್ಡ ಸಂಕ ಹಾಕಿಸೋಣ. ಇಲ್ದಿದ್ರೆ ಕೆಲಸ ಬೇರೆ ಊರಿಗೆ ಹೋಗುತ್ತೆ, ನನ್ನ ಬೈಬೇಡಿ,” ಎಂದರು.

ಆಧಾರ! ಆ ಶಬ್ದ ಕೇಳಿ ನನ್ನ ಮೈಮೇಲಿನ ರೋಮ ಎದ್ದಿತು. ನಾನು ಭೂಗೋಳದಲ್ಲಿ ಎಂ.ಎ. ಮಾಡಿ ಕೊಪ್ಪದ ಕಾಲೇಜಿನಲ್ಲಿ ಪಾಠ ಹೇಳುವವನು. ನದಿಗಳ ಬಗ್ಗೆ ವರ್ಷಗಟ್ಟಲೆ ಮಾತಾಡಿದ್ದೆ. ಯಾವ ನದಿಯೂ ಇದುವರೆಗೆ ನನ್ನ ಸಹಾಯ ಕೇಳಿರಲಿಲ್ಲ. ಅಂದು ಸಂಜೆಯೇ ‘ಸಂಕದಕೊಡಿಗೆ ಕಿರುಹೊಳೆಯ ಪ್ರವಾಹ ಮಟ್ಟದ ವೈಜ್ಞಾನಿಕ ಅಧ್ಯಯನ ಮತ್ತು ನೆರೆ ನಿಯಂತ್ರಣ ಯೋಜನೆ’ ಸಿದ್ಧವಾಯಿತು. ಅಂದರೆ ಹೆಸರು ಸಿದ್ಧವಾಯಿತು.

“ಹೆಸರೇ ಸಂಕಕ್ಕಿಂತ ಉದ್ದ ಇದೆಯಲ್ರೀ,” ಎಂದಳು ವಸುಧಾ.

ವಿಧಾನ ಸರಳವಾಗಿತ್ತು. ಪ್ರತಿ ಮನೆಗೂ ಹೋಗುವುದು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದ ಹಾಗೆ ಬೇರೆ ಬೇರೆಯಾಗಿ ವಿಚಾರಿಸುವುದು. ನೀರು ಬಂದ ಎತ್ತರಕ್ಕೆ ಗೋಡೆಯ ಮೇಲೆ ಒಂದು ಗೆರೆ ಎಳೆಯುವುದು. ಗೇಟಿಗೆ ಬಳಿದು ಉಳಿದ ಕೆಂಪು ಪೇಂಟು ಮನೆಯಲ್ಲೇ ಇತ್ತು. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟನ್ನು ಪ್ಯಾಂಟಿನೊಳಗೆ ಸೇರಿಸಿ, ಡಬ್ಬಿ ಹಿಡಿದು, ವಿಜ್ಞಾನದ ಪರವಾಗಿ ಹೊರಟೆ.

ಮೊದಲ ಮನೆ ಕೃಷ್ಣಯ್ಯನವರದು. ಅವರ ಹೆಂಡತಿ ಶೇಷಮ್ಮನವರು ಯೋಚಿಸದೆ ಉತ್ತರಿಸಿದರು. “ಇವರ ಸೊಂಟದಷ್ಟು ಬಂದಿತ್ತು.”

ಕೃಷ್ಣಯ್ಯನವರನ್ನು ಪೇಪರು ಸಮೇತ ಎಬ್ಬಿಸಿ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಸೊಂಟದ ನೇರಕ್ಕೆ ಕುಂಚ ಇಡುವಷ್ಟರಲ್ಲಿ ಶೇಷಮ್ಮ ತಡೆದರು.

“ನಿಲ್ಲಿ ಮೇಷ್ಟ್ರೇ. ಆಗ ಇವರು ಇನ್ನೂ ಸ್ವಲ್ಪ ಉದ್ದ ಇದ್ರು.”

“ನಾನು ಎಂತಕ್ಕೆ ಕುಳ್ಳ ಆಗ್ಲಿ ಮಾರಾಯ್ತಿ?”

“ಬೆನ್ನು ಬಗ್ಗಿಲ್ವಾ? ನೆಟ್ಟಗೆ ನಿಲ್ಲಿ. ಸರ್ಕಾರಕ್ಕೆ ಲೆಕ್ಕ ಕೊಡೋದು ಇದು.”

ಕೃಷ್ಣಯ್ಯನವರು ಉಸಿರು ಬಿಗಿಹಿಡಿದು ಹಿಮ್ಮಡಿ ಎತ್ತಿದರು. ಗೆರೆಯೂ ಅವರ ಜೊತೆಗೆ ಎದ್ದಿತು.

ಆ ಗೆರೆಯನ್ನು ಆಚೆಮನೆಯವರು ಬೇಲಿಯ ಮೇಲಿಂದ ನೋಡಿದ್ದರು. “ಅವರ ಮನೆಗೆ ಅಷ್ಟಾ? ಹಾಗಾದ್ರೆ ನಮ್ಮನೆಗೆ ಕಿಟಕಿವರೆಗೆ. ನಾವು ಹೊಳೆಗೆ ಅವರಿಗಿಂತ ಹತ್ತಿರ ಅಲ್ವಾ?” ಎಂದರು. ಮುಂದಿನ ಮನೆಯಲ್ಲಿ ಅದು ಕಿಟಕಿಯ ಮೇಲಕ್ಕೆ ಹೋಯಿತು. ನಮ್ಮ ಜನ ತಮ್ಮ ಕಷ್ಟ ಪಕ್ಕದ ಮನೆಯವರ ಕಷ್ಟಕ್ಕಿಂತ ಕಡಿಮೆ ಎಂದು ಒಪ್ಪಿಕೊಂಡದ್ದು ನಾನಂತೂ ಕಂಡಿಲ್ಲ. ಕೇರಿಯ ಕೊನೆ ಮುಟ್ಟುವಾಗ ನೀರು ಹೆಂಚಿನ ಸೂರಿಗೆ ಒಂದು ಮೊಳ ಕೆಳಗಿತ್ತು.

ಗುಡ್ಡದ ಮೇಲಿನ ಮನೆಯ ನಾಗರಾಜಣ್ಣನನ್ನು ನಾನು ಬಿಟ್ಟು ಬಂದಿದ್ದೆ. ಅವರು ಓಡಿ ಬಂದು ದಾರಿಯಲ್ಲಿ ಹಿಡಿದರು.

“ನಮ್ಮನೆ ಕಡೆ ಬರಲೇ ಇಲ್ವಲ್ಲ?”

“ನಿಮ್ಮನೆಗೆ ನೀರು ಬರಲ್ಲ ನಾಗರಾಜಣ್ಣ. ನಿಮ್ಮನೆಗೆ ನೀರು ಬಂದ್ರೆ ಕೊಪ್ಪ ಪೇಟೆಯೇ ಇರಲ್ಲ.”

“ನೀರು ಬರದಿದ್ರೆ ಎಂತಾಯ್ತು? ಎಲ್ಲರ ಮನೆಗೂ ಎಳ್ದಿದೀರಿ. ನಮ್ಮೊಬ್ರನ್ನೇ ಬಿಟ್ರೆ ಚೆನ್ನಾಗಿರುತ್ತಾ ಮಾರಾಯ್ರೆ? ಒಂದು ಸಣ್ಣ ಗೆರೆ.”

ನಾನು ಖಡಾಖಂಡಿತವಾಗಿ ನಿರಾಕರಿಸಿದೆ. ಆಮೇಲೆ ಕಾಫಿ, ಚಕ್ಕುಲಿ ಬಂತು. ವಿಜ್ಞಾನದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸಕ್ಕೆ ಅವಕಾಶವಿದೆ. ಗೋಡೆಯ ಬುಡದಲ್ಲಿ ಒಂದು ಪುಟ್ಟ ಗೆರೆ ಎಳೆದೆ.

ಉಳಿದದ್ದು ಸಿದ್ಧಪ್ಪಣ್ಣನ ಮನೆ. ಬಾಗಿಲಿಗೆ ಬೀಗ, ಬಾಳೆಹೊನ್ನೂರಿಗೆ ಹೋಗಿದ್ದರು. ಮಂಗಳವಾರ ಹತ್ತಿರ ಬಂದಿತ್ತು. ಕೃಷ್ಣಯ್ಯನವರ ಹೇಳಿಕೆಯ ಆಧಾರದ ಮೇಲೆ ಸಿದ್ಧಪ್ಪಣ್ಣನ ಗೋಡೆಗೂ ಎಳೆದು ಮುಗಿಸಿದೆ. ಸಂಜೆ ಸಂಕದ ಮೇಲೆ ನಿಂತು ನೋಡಿದರೆ ಇಡೀ ಕೇರಿ ಕೆಂಪು ಗೆರೆಗಳಿಂದ ಕಂಗೊಳಿಸುತ್ತಿತ್ತು. ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ!

ನಾನು ಮರೆತದ್ದು ಒಂದೇ ಸಂಗತಿ. ಸಿದ್ಧಪ್ಪಣ್ಣ ಮೂಲತಃ ನಮ್ಮೂರಿನವರಲ್ಲ. ಭದ್ರಾ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಯಿಂದ ಎದ್ದು ಬಂದವರು. ಅವರ ಹಾಗೆ ಬಂದವರು ಈ ತಾಲ್ಲೂಕಿನ ತುಂಬ ಇದ್ದಾರೆ. ಅವರಿಗೆಲ್ಲ ಗೋಡೆಯ ಮೇಲಿನ ಕೆಂಪು ಗುರುತಿಗೆ ಒಂದೇ ಅರ್ಥ: ಮುಳುಗಡೆ. ಸಿದ್ಧಪ್ಪಣ್ಣ ಸಂಜೆ ಬಸ್ಸಿಳಿದು ಬಂದು ಗೆರೆ ನೋಡಿದರಂತೆ. ಯಾರನ್ನೂ ಏನೂ ಕೇಳಲಿಲ್ಲವಂತೆ. ಅದರ ಎದುರು ಜಗಲಿಯ ಮೇಲೆ ಕೂತುಬಿಟ್ಟರಂತೆ. ಬಳಿಕ ಮುತ್ತಿನಕೊಪ್ಪದಲ್ಲಿರುವ ಅಣ್ಣನಿಗೆ ಒಂದು ಫೋನು ಮಾಡಿದರಂತೆ.

ಇದು ಯಾವುದೂ ಆಗ ನನಗೆ ಗೊತ್ತಿರಲಿಲ್ಲ. ಸೋಮವಾರ ಕೊಪ್ಪದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದೆ. ಪಕ್ಕದ ಮೇಜಿನವರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

“ಹೊಸ ಡ್ಯಾಮಂತೆ. ಭದ್ರೆಗೇ. ಈ ಸಲ ನೀರು ಶೃಂಗೇರಿವರೆಗೂ ನಿಲ್ಲುತ್ತಂತೆ. ಅದರಾಚೆ ಕಿಗ್ಗದವರೂ ಹೆದರಿದಾರೆ.”

ಭದ್ರೆಗೆ ಕಟ್ಟಿದ ಡ್ಯಾಮಿನ ನೀರು ಗುಡ್ಡ ಹತ್ತಿಳಿದು ತುಂಗೆಯ ದಂಡೆಯ ಶೃಂಗೇರಿಗೆ ಹೋಗುವುದು ಹೇಗೆ ಎಂದು ಭೂಗೋಳದ ಎಂ.ಎ. ಕೇಳಬೇಕಿತ್ತು. ಕೇಳಲಿಲ್ಲ! ಆದರೂ ನನ್ನ ಪದ್ಧತಿಯಂತೆ, “ಇದಕ್ಕೆ ಆಧಾರ ಎಂತದು?” ಎಂದೆ.

“ಗೋಡೆಗೋಡೆಗೂ ಕೆಂಪು ಗೆರೆ ಎಳ್ದಿದಾರಲ್ಲ ಸಾರ್. ಡೆಲ್ಲಿಯಿಂದ ದೊಡ್ಡ ಸಾಹೇಬ್ರೇ ಬಂದಿದ್ರಂತೆ.”

ಗೆರೆ ಎಳೆದಿದ್ದಾರೆ ಎಂದ ಮೇಲೆ ಇನ್ನೇನು? ಆಧಾರ ಇದೆ! ಅರ್ಧ ದೋಸೆ ಬಿಟ್ಟು, ಕಾಲೇಜಿಗೆ ರಜೆ ಹೇಳಿ, ಸಿಕ್ಕಿದ ಬಸ್ಸು ಹತ್ತಿ ಮನೆಗೆ ಓಡಿದೆ. ದಾರಿಯಲ್ಲಿ ಅಕ್ಕಪಕ್ಕದವರಿಗೂ ಸುದ್ದಿ ಹೇಳಿದೆ. ಸಾಹೇಬನ ಚಹರೆ ಅವರು ನನಗೆ ಹೇಳಿದರು. ಬಸ್ಸಿಳಿಯುವಾಗ ಇಡೀ ಬಸ್ಸು ಆ ಸಾಹೇಬನನ್ನು ಶಪಿಸುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಾನು.

“ವಸುಧಾ, ನಮ್ಮ ಕಥೆ ಮುಗೀತು! ಡ್ಯಾಮು ಬರ್ತಿದೆ. ಆಗಲೇ ಗುರುತು ಹಾಕಿ ಹೋಗಿದಾರೆ!”

ವಸುಧಾ ಒಗ್ಗರಣೆ ಸೌಟು ಕೆಳಗಿಟ್ಟಳು. “ಎಂತ ಗುರುತು?”

“ಕೆಂಪು ಗೆರೆ. ಗೋಡೆ ಮೇಲೆ.”

“ಹಾಕಿದ್ದು ಯಾರಂತೆ?”

“ಯಾವನೋ ಡೆಲ್ಲಿ ಸಾಹೇಬ. ಅರ್ಧ ಬೋಳು ತಲೆ, ದಪ್ಪ ಕನ್ನಡಕ, ಇಸ್ತ್ರಿ ಶರ್ಟು. ಜನ ಎಂತ ಹೇಳಿದ್ರೂ ಕಿವಿಗೇ ಹಾಕ್ಕೊಳ್ಳಲ್ವಂತೆ. ತಾನೇ ಮೇಧಾವಿ ಅನ್ನೋ ಥರದವನಂತೆ.”

ವಸುಧಾ ಗೋಡೆಯ ಕನ್ನಡಿ ತೆಗೆದು ನನ್ನ ಕೈಗೆ ಕೊಟ್ಟಳು.

ಒಂದು ಕ್ಷಣ, ಒಂದೇ ಒಂದು ಕ್ಷಣ, ನಾನು ಡೆಲ್ಲಿಯಿಂದ ಬಂದವನ ಹಾಗೆ ಕಾಣುತ್ತೇನಲ್ಲ ಎಂದು ಹೆಮ್ಮೆಯೇ ಆಯಿತು!

ಆಮೇಲೆ ಕೇರಿಗೆ ಓಡಿದೆ. ತಡವಾಗಿತ್ತು. ಗೆರೆ ಇದ್ದ ಮನೆ ಮುಳುಗುತ್ತದೆ ಎಂದ ಮೇಲೆ ಗೆರೆ ಯಾರಿಗೆ ಬೇಕು? ಸರೋಜಕ್ಕನ ಮಿಲ್ಲು ಬಿಟ್ಟು ಇಡೀ ಕೇರಿ ಸುಣ್ಣ ಬಳಿದುಕೊಂಡಿತ್ತು. ಡ್ಯಾಮೂ ಇಲ್ಲ, ಸಾಹೇಬನೂ ಇಲ್ಲ ಎಂದು ನಾನು ಬಾಯಿ ತೆರೆದರೆ, “ನಿಮಗೆ ಗೊತ್ತಿಲ್ಲ ಮೇಷ್ಟ್ರೇ, ನಿಮ್ಮ ಕೈಲಿ ಎಳೆಸಿದವರು ಮೇಲಿನವರು,” ಎಂದು ನನ್ನನ್ನೇ ಸಮಾಧಾನ ಮಾಡಿದರು.

ಮಂಗಳವಾರ ಇಂಜಿನಿಯರು ಜೀಪಿಳಿದವರೇ ಬೆಳ್ಳಗೆ ಹೊಳೆಯುವ ಗೋಡೆಗಳನ್ನು ನೋಡಿ, “ಕೇರಿಯಲ್ಲಿ ಮದುವೆಯಾ?” ಎಂದರು. ಬಳಿಕ ಶೇಷಮ್ಮನವರ ಬಳಿ ನೀರಿನ ವಿಚಾರ ಕೇಳಿದರು.

“ನೀರಾ? ನಮ್ಮನೆಗಾ? ಅಯ್ಯೋ, ಕಾಲು ತೊಳ್ಕಳ್ಳಲಿಕ್ಕೂ ಬರಲ್ಲ.”

ಕೃಷ್ಣಯ್ಯನವರು ಪೇಪರಿನಿಂದ ತಲೆ ಎತ್ತಲಿಲ್ಲ. ಇಂಜಿನಿಯರು ಕೇರಿ ಉದ್ದಕ್ಕೂ ಹುಡುಕಿದರು. ಸರೋಜಕ್ಕ ನೀರಿನ ಕಲೆ ನೋಡಿ ಮಿಲ್ಲಿನ ಗೋಡೆಗೆ ತಾವೇ ಎಳೆದುಕೊಂಡಿದ್ದ ಗೆರೆ ಬಿಟ್ಟರೆ ಅವರಿಗೆ ಸಿಕ್ಕ ಗೆರೆ ಒಂದೇ. ಅದು ಗುಡ್ಡದ ಮೇಲೆ! ಡ್ಯಾಮು ಬಂದರೂ ಸರಿ, ಕೇಳಿ ಪಡೆದ ಗೆರೆ ಅಳಿಸಲು ನಾಗರಾಜಣ್ಣನಿಗೆ ಮನಸ್ಸು ಬಂದಿರಲಿಲ್ಲ.

“ಏನ್ರೀ ಮೇಷ್ಟ್ರೇ, ಕೇರಿಗೆ ಬರದ ನೆರೆ ಗುಡ್ಡಕ್ಕೆ ಮಾತ್ರ ಬರುತ್ತಾ? ಒಬ್ರ ಮಿಲ್ಲಿಗೋಸ್ಕರ ನಾನು ಸಂಕ ಬೇಕು ಅಂತ ಬರೆಯೋಕಾಗಲ್ಲ,” ಎಂದು ಇಂಜಿನಿಯರು ಜೀಪಿನ ಕಡೆ ತಿರುಗಿದರು.

ಆಗ ಮಿಲ್ಲಿನ ಸದ್ದು ನಿಂತಿತು. ಹಪ್ಪಳದ ಕಾಲ, ಉದ್ದಿನ ಡಬ್ಬಿ ಹಿಡಿದ ಹೆಂಗಸರು ಸಾಲಾಗಿ ನಿಂತಿದ್ದರು. ಸರೋಜಕ್ಕ ಯಾರಿಗೂ ಬೈಯಲಿಲ್ಲ. ಸ್ಪ್ಯಾನರು ತೆಗೆದುಕೊಂಡು ಮೋಟಾರಿನ ಬೋಲ್ಟು ಬಿಚ್ಚತೊಡಗಿದರು.

“ಎಂತ ಮಾಡ್ತಿದೀಯ ಸರೋಜ?” ಎಂದರು ಶೇಷಮ್ಮ.

“ಬಿಚ್ತಿದೀನಿ. ಕೇರಿಗೆ ನೀರೇ ಬರಲ್ಲ ಅಂತ ನೀವೇ ಹೇಳಿದ್ರಲ್ಲ. ಹಾಗಾದ್ರೆ ಸಂಕ ಇಲ್ಲ. ಸಂಕ ಇಲ್ದಿದ್ರೆ ಮಿಲ್ಲು ಇಲ್ಲ. ತಮ್ಮನ ಮನೆಗೆ ಈಗ್ಲೇ ಕಳಿಸಿದ್ರೆ ನೀರು ಮುಟ್ಟದ ಮೋಟಾರಾದ್ರೂ ಉಳಿಯುತ್ತೆ.”

ಇಂಜಿನಿಯರನ್ನು ಐದು ನಿಮಿಷ ನಿಲ್ಲಿಸಿ, ಪೇಂಟು ಡಬ್ಬಿ, ಕುಂಚ ಹಿಡಿದು ಸಿದ್ಧಪ್ಪಣ್ಣನ ಮನೆಗೆ ಓಡಿದೆ. ಅವರು ಜಗಲಿಯಲ್ಲೇ ಇದ್ದರು.

“ಸಿದ್ಧಪ್ಪಣ್ಣ, ಡೆಲ್ಲಿ ಸಾಹೇಬ ಯಾರೂ ಬಂದಿಲ್ಲ. ಆ ಗೆರೆ ಎಳೆದವನು ನಾನೇ. ನಮ್ಮ ಸಂಕದ ಸಲುವಾಗಿ.”

ಅವರು ನನ್ನನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದರು. “ನೀವಾ?” ಎಂದರು. ಕೆಮ್ಮು ಬರುವವರೆಗೆ ನಕ್ಕರು. “ಈ ಮುಖಕ್ಕಾ ಮಾರಾಯ್ರೆ ನಾನು ನಿದ್ದೆಗೆಟ್ಟಿದ್ದು!”

ನಾನೂ ನಕ್ಕೆ. ಅವರು ನಗು ನಿಲ್ಲಿಸಿದರು.

“ಕೇಳಿ ಎಳೀಬೇಕಿತ್ತು ಮೇಷ್ಟ್ರೇ. ಮುಳುಗಿ ಹೋದ ನಮ್ಮ ಹಿಂದಿನ ಮನೆಗೂ ಕೇಳದೇ ಎಳ್ದು ಹೋಗಿದ್ರು.”

“ತಪ್ಪಾಯ್ತು ಸಿದ್ಧಪ್ಪಣ್ಣ,” ಎಂದೆ. ಅವರೇ ಕೈ ಚಾಚಿದರು. “ಕುಂಚ ಕೊಡಿ.”

ಎಲ್ಲರೂ ನೋಡುತ್ತಿದ್ದಂತೆ ಹಸಿ ಸುಣ್ಣದ ಮೇಲೆ ಸಿದ್ಧಪ್ಪಣ್ಣ ತಮ್ಮ ಮನೆಯ ಗೆರೆಯನ್ನು ತಾವೇ ಎಳೆದರು. “ಇಷ್ಟು ಬರುತ್ತೆ. ಇದು ಡ್ಯಾಮಿಂದಲ್ಲ, ನಮ್ಮ ಸಂಕದ್ದೇ,” ಎಂದು ಇಂಜಿನಿಯರಿಗೆ ಹೇಳಿದರು. ಅವರೇ ಎಳೆದ ಮೇಲೆ ಉಳಿದವರ ಹೆದರಿಕೆ ಎಲ್ಲಿ ಉಳಿಯಿತು? ಕುಂಚ ಮನೆಯಿಂದ ಮನೆಗೆ ಹೋಯಿತು. ಇಂಜಿನಿಯರು ಮೇಸ್ತ್ರಿಗಳು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪು ಹಿಡಿಸಿ ಮಟ್ಟ ನೋಡಿದರು. ಎಲ್ಲ ಗೆರೆಗಳೂ ಮಿಲ್ಲಿನ ಗೆರೆಗೆ ಸರಿಸಮ! ನನ್ನ ಗೆರೆಗಳಿಗಿಂತ ಮಾತ್ರ ಬಹಳ ಕೆಳಗೆ. ಕೃಷ್ಣಯ್ಯನವರ ಸೊಂಟ ಎಂದದ್ದು ವಾಸ್ತವವಾಗಿ ಮೊಣಕಾಲು. ಸರೋಜಕ್ಕ ಬೋಲ್ಟು ತಿರುಗಿಸಿ ಬಿಗಿದು, “ಉದ್ದು ಯಾರದು, ಮುಂದೆ ಬನ್ನಿ,” ಎಂದರು.

ಆ ಮಳೆಗಾಲ ಮೋಟಾರು ಕೊನೆಯ ಸಲ ಕೃಷ್ಣಯ್ಯನವರ ಅಟ್ಟ ಹತ್ತಿತು. ಮರುಬೇಸಿಗೆಯಲ್ಲಿ ಪೈಪುಗಳು ಹೋಗಿ, ಲಾರಿ ನುಗ್ಗುವಷ್ಟು ಅಗಲ ಬಾಯಿಯ ಸಂಕ ಎದ್ದಿತು. ನಂತರದ ಆಷಾಢದಲ್ಲಿ ಹೊಳೆ ಕೆಂಪಗೆ ಉಕ್ಕಿ ಬಂದದ್ದು, ಬಿದಿರು ಬೊಡ್ಡೆ ಸಮೇತ ಸಂಕದಡಿ ನುಗ್ಗಿ ಹೋದದ್ದು, ಕೇರಿಗೆ ಒಂದು ಹನಿಯೂ ಬರದೆ ಮಿಲ್ಲು ಗರಗರ ಸದ್ದು ಮಾಡುತ್ತಿದ್ದದ್ದು, ಇದನ್ನೆಲ್ಲ ಕೊಡೆ ಹಿಡಿದು ಸಂಕದ ಮೇಲೆ ನಿಂತು ನಾನು ನೋಡಿದೆ. “ಮೇಷ್ಟ್ರೇ, ಏನೇ ಆಗ್ಲಿ, ಈ ಸಂಕ ನಿಮ್ಮದೇ,” ಎಂದು ಸರೋಜಕ್ಕ ಹಿಟ್ಟು ಮೆತ್ತಿದ ಕೈಯನ್ನು ಬಾಗಿಲಿನಿಂದಲೇ ಎತ್ತಿದರು. ಈ ಭಾಗವನ್ನು ಸೋಸಬೇಡಿ. ಇದು ನಿಜ.

ನಮ್ಮ ಮನೆ ಎಲ್ಲಿದೆ ಎಂದು ನಾನು ಇನ್ನೂ ಹೇಳಿಲ್ಲ. ಅಧ್ಯಯನದಲ್ಲೂ ಹೇಳಿರಲಿಲ್ಲ. ಅದು ಸಂಕದ ಕೆಳಗಡೆ, ಹೊಳೆ ತಿರುಗುವಲ್ಲಿದೆ. ಅಲ್ಲಿಗೆ ಎಂದೂ ನೀರು ಬಂದದ್ದಿಲ್ಲ. ಯಾಕೆಂದರೆ ಅಷ್ಟು ವರ್ಷ ಆ ಪೈಪುಗಳು ನೀರನ್ನೆಲ್ಲ ಮೇಲೆಯೇ, ಕೇರಿಯಲ್ಲೇ ಹಿಡಿದಿಟ್ಟಿದ್ದವು.

“ರೀ,” ಕೆಳಗಿನಿಂದ ವಸುಧಾಳ ದನಿ ಕೇಳಿತು. “ಹೆಮ್ಮೆಪಟ್ಟು ಮುಗಿದಿದ್ರೆ ಬನ್ನಿ. ಚಪ್ಪಲಿ ತೇಲ್ತಾ ಇದೆ.”

ಸಾಧ್ಯವೇ ಇಲ್ಲ ಎಂದೆ. ಪ್ಯಾಂಟು ಮಡಚಿಕೊಂಡು ಹೇಳಿದೆ.

ಮಳೆ ಬಿಟ್ಟ ಮೇಲೆ ಮೇಸ್ತ್ರಿಯಿಂದ ಅಂಥದೇ ಮಟ್ಟ ನೋಡುವ ಪೈಪು ಇಸಿದುಕೊಂಡು ಬಂದು, ಒಂದು ತುದಿ ವಸುಧಾಳ ಕೈಗೆ ಕೊಟ್ಟು, ಖುದ್ದಾಗಿ ಮಟ್ಟ ನೋಡಿದೆ. ಅನುಮಾನ ಬಂದು ಎರಡನೆಯ ಸಲವೂ ನೋಡಿದೆ. ಇಷ್ಟು ಮಾತ್ರ ಖಚಿತ: ನಮ್ಮ ಜಗಲಿ ಸರೋಜಕ್ಕನ ಮಿಲ್ಲಿನ ನೆಲಕ್ಕಿಂತ ಒಂದು ಗೇಣು ತಗ್ಗಿನಲ್ಲಿದೆ.