ಸಂಕಟದ ಗುಂಪಿಗೆ ನಾನು ವಿಷಲ್ ಊದಿದ್ದು

ಇಪ್ಪತ್ತು ವರ್ಷ ಬಸ್ ಕಂಡಕ್ಟರ್ ಆಗಿರುವವನಿಗೆ ಏಳೆಂಟು ಜನರನ್ನು ಒಂದು ಕೋಣೆಯಲ್ಲಿ ಕೂರಿಸಿ ಮಾತಾಡಿಸುವುದು ಏನು ಮಹಾ ಕೆಲಸ? ಸಕಲೇಶಪುರದಿಂದ ಯಸಳೂರಿಗೆ ಹೋಗುವ ನಮ್ಮ ಖಾಸಗಿ ಬಸ್ಸಿನಲ್ಲಿ ಸೀಟಿನ ಎರಡರಷ್ಟು ಜನರನ್ನು, ಅವರ ಕೋಳಿಗಳ ಸಮೇತ, ಜಗಳವಿಲ್ಲದೆ ಊರು ಮುಟ್ಟಿಸುವವನು ನಾನು. ಆದ್ದರಿಂದ ಆಸ್ಪತ್ರೆಯ ಕೌನ್ಸೆಲರ್ ಮೇಡಮ್, "ನಿಮ್ಮ ಹಾಗೆ ಮನಸ್ಸಿನ ಸಂಕಟ ಅನುಭವಿಸಿದವರನ್ನು ಸೇರಿಸಿ ಒಂದು ಗುಂಪು ನಡೆಸ್ತೀರಾ?" ಎಂದು ಕೇಳುವಾಗ, ಅವರ ಮಾತು ಮುಗಿಯುವ ಮೊದಲೇ ಒಪ್ಪಿಕೊಂಡೆ. ಬೇರೆಯವರ ಮಾತು ಮುಗಿಯುವ ಮೊದಲೇ ಮಾತಾಡುವುದು ನನ್ನ ವೃತ್ತಿಧರ್ಮ!

"ನಿಮ್ಮ ಹಾಗೆ" ಎಂದದ್ದಕ್ಕೆ ಕಾರಣವಿತ್ತು. ಹಿಂದೊಮ್ಮೆ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಕೈಕಾಲು ನಡುಗಿ, ಇನ್ನೇನು ಸತ್ತೇ ಹೋದೆ ಅನ್ನಿಸಿತ್ತು. ಹೃದಯ ಚೆನ್ನಾಗಿದೆ, ಇದು ಗಾಬರಿಯ ಕಾಯಿಲೆ ಎಂದರು ಡಾಕ್ಟರು. ತಿಂಗಳುಗಟ್ಟಲೆ ಮನೆಯಲ್ಲೇ ಕೂತೆ. ಮಾತ್ರೆ ತಿಂದೆ, ಮೇಡಮ್ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿದೆ, ಮತ್ತೆ ಬಸ್ ಹತ್ತಿದೆ. ಈಗ ಚೆನ್ನಾಗಿದ್ದೇನೆ. ಎಷ್ಟು ಚೆನ್ನಾಗಿದ್ದೇನೆಂದರೆ, ಉಳಿದವರನ್ನೂ ಬಲವಂತವಾಗಿ ಚೆನ್ನಾಗಿ ಮಾಡುವ ಹುಮ್ಮಸ್ಸು ಬಂದಿತ್ತು.

ಈ ಹುಮ್ಮಸ್ಸಿಗೆ ಮೊದಲು ಸಿಕ್ಕಿದವನು ವಿನ್ಸೆಂಟ್. ಎಸ್ಟೇಟುಗಳಲ್ಲಿ ಕಳೆ ಹೊಡೆಯುವ ಮೆಷಿನ್ ಓಡಿಸುವ ಗಟ್ಟಿ ಆಳು. ಅವನ ಹೆಂಡತಿ ಲಿಲ್ಲಿ ದಿನಾ ನಮ್ಮ ಬಸ್ಸಿನಲ್ಲೇ ಪೇಟೆಗೆ ಹೊಲಿಗೆ ಕೆಲಸಕ್ಕೆ ಬರುವವಳು. "ಅವ್ರು ನಿದ್ದೆ ಮಾಡ್ತಾ ಇಲ್ಲ ಕಂಡಕ್ಟ್ರೇ. ಮಾತೂ ಆಡ್ತಾ ಇಲ್ಲ. ನಿದ್ದೆಗಣ್ಣಲ್ಲಿ ಮೆಷಿನ್ ಹಿಡಿಯೋಕೆ ಭಯ ಅಂತ ಕೆಲ್ಸ ಬುಟ್ಟು ಕೂತವ್ರೆ. ಡಾಕ್ಟ್ರ ಹತ್ರ ಹೋದ್ರೂ ಏನೂ ಇಲ್ಲ ಅಂದು ಎದ್ದು ಬಂದ್ಬುಡ್ತಾರೆ," ಎಂದು ಕಣ್ಣು ಒರೆಸಿಕೊಂಡಳು. "ಕಳ್ಸಮ್ಮ, ನಾನಿದೀನಲ್ಲ," ಎಂದೆ. ಅದೇ ಆಗಿದ್ದು ತಪ್ಪು. ನಾನಿದ್ದೆ!

ಭಾನುವಾರ ಮಧ್ಯಾಹ್ನ, ಬಸ್ ನಿಲ್ದಾಣದ ಹತ್ತಿರದ ಒಂದು ಶಾಲೆಯ ಕೋಣೆಯಲ್ಲಿ ಗುಂಪು ಸೇರಿತು. ಮೇಡಮ್ ಹೇಳಿಕೊಟ್ಟಿದ್ದು ಎರಡೇ ಮಾತು. ಕುರ್ಚಿಗಳನ್ನು ದುಂಡಗೆ ಹಾಕಿ. ಯಾರಿಗೂ ಬುದ್ಧಿ ಹೇಳಬೇಡಿ, ಸುಮ್ಮನೆ ಕೇಳಿ. ಕುರ್ಚಿಗಳನ್ನು ಗೃಹಪ್ರವೇಶದ ರಂಗೋಲಿಯಷ್ಟು ಶ್ರದ್ಧೆಯಿಂದ ದುಂಡಗೆ ಹಾಕಿದೆ. ಆ ಗಡಿಬಿಡಿಯಲ್ಲಿ ಎರಡನೆಯ ಮಾತು ಮರೆತೇ ಹೋಯಿತು.

ವಿನ್ಸೆಂಟ್ ನೆಲ ನೋಡುತ್ತಾ ಮೆಲ್ಲಗೆ, "ನಂಗೆ ನಿದ್ದೆ ಬರ್ತಿಲ್ಲ," ಎಂದ.

ಅಷ್ಟೇ ಸಾಕಾಯಿತು.

"ಗಸಗಸೆ ಪಾಯಸ ಕುಡೀರಿ," ಎಂದರು ಕಮಲಕ್ಕ. ಗಂಡ ತೀರಿಕೊಂಡ ಮೇಲೆ ಮಂಕಾಗಿದ್ದಾರೆ ಎಂದು ಸೊಸೆ ಕರೆತಂದಿದ್ದ ಹೆಂಗಸು, ಒಮ್ಮೆಗೇ ಚುರುಕಾಗಿಬಿಟ್ಟರು. ಒಬ್ಬರು ಜಾಯಿಕಾಯಿ ತೇಯಲು ಹೇಳಿದರು. ಇನ್ನೊಬ್ಬರು ತಲೆದಿಂಬನ್ನು ದಕ್ಷಿಣಕ್ಕೆ ತಿರುಗಿಸಿ ಎಂದರು. ನಾನು ನಾಟಿಕೋಳಿ ಸಾರು ಸೂಚಿಸಿದೆ. ಆಮೇಲೆ ಶುರುವಾಯಿತು ನಮ್ಮ ಕಡೆಯ ಸಮಾಧಾನ. ನಿನ್ನದೇನು ಮಹಾ, ನಮ್ಮದು ಕೇಳು ಎನ್ನುವುದೇ ನಮ್ಮಲ್ಲಿ ಸಮಾಧಾನ ಹೇಳುವ ಕ್ರಮ. "ನಿದ್ದೆ ತಾನೇ? ನಮ್ ಭಾವ ವರ್ಷಾನುಗಟ್ಲೆ ಕಣ್ಣೇ ಮುಚ್ಚಿಲ್ಲ," ಎಂದರು ಒಬ್ಬರು. "ಭಾವ ಬದುಕವ್ರಲ್ಲ, ನಮ್ಮನೇಲಿ ಏನಾಯ್ತು ಗೊತ್ತಾ?" ಎಂದರು ಮತ್ತೊಬ್ಬರು. ಸಂಕಟಗಳ ಹರಾಜು ಏರುತ್ತಾ ಹೋಯಿತು. ವಿನ್ಸೆಂಟ್ ಕುಗ್ಗುತ್ತಾ ಹೋದ.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದಾಗ ಶಿಸ್ತು ಕಾಪಾಡುವುದು ನನ್ನ ಕರ್ತವ್ಯವಾಯಿತು. ಕೈ ತಾನಾಗಿ ಜೇಬಿಗೆ ಹೋಯಿತು. ವಿಷಲ್ ತೆಗೆದು ಊದಿಯೇ ಬಿಟ್ಟೆ!

ವಿನ್ಸೆಂಟ್ ಕುರ್ಚಿಯಿಂದ ಹಾರಿ ನಿಂತ. ಇಬ್ಬರು ಅಭ್ಯಾಸಬಲದಿಂದ ಚೀಲ ಎತ್ತಿಕೊಂಡು ಬಾಗಿಲ ಕಡೆ ಹೊರಟರು. ವಿನ್ಸೆಂಟ್ ಅವರನ್ನೂ ದಾಟಿ ಹೊರಗೆ ಹೋದವನು, "ನಾನಿನ್ನು ಬರಲ್ಲ ಮಾರಾಯ್ರೇ," ಎಂದ. ಸಿಟ್ಟಿನಿಂದಲ್ಲ, ನಾಚಿಕೆಯಿಂದ. ನೊಂದವನ ಬಾಯಿಂದ ಬಂದ ಮೊದಲ ಮಾತಿಗೆ ನಾನು ಸ್ಟಾಪ್ ಕೊಟ್ಟಿದ್ದೆ.

ನನ್ನ ಹೆಂಡತಿ ಗಿರಿಜಾ ಫೋನ್ ಮಾಡಿ ಎಲ್ಲ ಕೇಳಿದಳು. "ಕಷ್ಟ ಕೇಳಕ್ ಹೋಗಿದ್ರೋ, ಟಿಕೆಟ್ ಕೊಡಕ್ ಹೋಗಿದ್ರೋ?" ಎಂದು ಫೋನ್ ಇಟ್ಟಳು.

ಐದು ಗಂಟೆಗೆ ನನ್ನ ಡ್ಯೂಟಿ. ಯಸಳೂರು ಕಡೆಗೆ ಆಗ ಬೇರೆ ಬಸ್ಸಿಲ್ಲದ್ದರಿಂದ ಗುಂಪಿನವರೆಲ್ಲ ನಮ್ಮ ಬಸ್ಸನ್ನೇ ಹತ್ತಬೇಕಾಯಿತು, ವಿನ್ಸೆಂಟ್ ಕೂಡ. ನಾನು ಅವನ ಮುಖ ನೋಡದೆ ಟಿಕೆಟ್ ಕೊಟ್ಟೆ. ಅವನು ನನ್ನ ಮುಖ ನೋಡದೆ ತೆಗೆದುಕೊಂಡು ಕಿಟಕಿ ಕಡೆ ತಿರುಗಿದ.

ಅರ್ಧ ದಾರಿಯಲ್ಲಿ ಅರಣ್ಯ ಇಲಾಖೆಯ ವಾಚರ್ ಒಬ್ಬರು ಕೈ ಅಡ್ಡ ಹಿಡಿದರು. ತೋಟದಿಂದ ಆನೆ ಹಿಂಡು ರಸ್ತೆ ದಾಟುತ್ತಿತ್ತು, ಜೊತೆಗೆ ಮರಿ. ಡ್ರೈವರ್ ಮಂಜಣ್ಣ ಎಂಜಿನ್ ಆರಿಸಿದ. "ಯಾರೂ ಜೋರಾಗಿ ಮಾತಾಡ್ಬೇಡಿ," ಎಂದು ವಾಚರ್ ಬಾಗಿಲಲ್ಲೇ ನಿಂತರು. ಬಸ್ಸಿಗೆ ಬಸ್ಸೇ ಉಸಿರು ಬಿಗಿಹಿಡಿದು ಮುಂದೆ ನೋಡುತ್ತಾ ಕೂತಿತು.

ಆನೆಗಳಿಗೆ ಅವಸರವಿರಲಿಲ್ಲ. ಒಂದು ದಾಟಿದರೆ ಇನ್ನೊಂದು ಸೊಪ್ಪು ಮುರಿಯುತ್ತಾ ನಿಲ್ಲುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಆ ಮೌನದಲ್ಲಿ ವಿನ್ಸೆಂಟನ ದನಿ ಕೇಳಿಸಿತು. ಕಿಟಕಿಗೆ ಹೇಳುವಂತೆ, ಪಿಸುಮಾತಿನಲ್ಲಿ.

"ಮಲಗಿದ್ರೆ ಗೇಟ್ ಹಾಕಿಲ್ಲ ಅನ್ಸುತ್ತೆ. ಎದ್ದೋಗಿ ನೋಡ್ತೀನಿ, ಹಾಕೇ ಇರುತ್ತೆ. ಬಂದು ಮಲಗಿದ್ರೆ ಮತ್ತೆ ಅನ್ಸುತ್ತೆ. ಲಿಲ್ಲಿಗೆ ಎಚ್ರ ಆಗ್ಬಾರ್ದು ಅಂತ ಚಪ್ಲಿನೂ ಹಾಕಲ್ಲ, ಬರಿಗಾಲಲ್ಲೇ ಹೋಗ್ತೀನಿ. ನಂಗೇನೂ ಆಗಿಲ್ಲ. ಯಾರೂ ಸತ್ತಿಲ್ಲ, ಏನೂ ಕಳ್ದಿಲ್ಲ. ಎಲ್ರಿಗೂ ಒಂದೊಂದು ಕಾರಣ ಐತೆ. ನಂಗೆ ಅದೂ ಇಲ್ಲ. ಅದೇ ನಾಚಿಕೆ."

ನನ್ನ ಬಾಯಿಗೆ ಏಳೆಂಟು ಸಲಹೆಗಳು ಒಟ್ಟಿಗೆ ನುಗ್ಗಿ ಬಂದವು. ವಾಚರ್ ನನ್ನನ್ನೇ ದಿಟ್ಟಿಸಿ ತುಟಿಯ ಮೇಲೆ ಬೆರಳಿಟ್ಟರು. ಎಲ್ಲವನ್ನೂ ನುಂಗಿದೆ.

ಕಮಲಕ್ಕನೂ ಗಸಗಸೆ ಎನ್ನಲಿಲ್ಲ. ಮುಂದಿನ ಸೀಟಿನಲ್ಲಿದ್ದ, ನಮ್ಮ ಗುಂಪಿಗೆ ಸಂಬಂಧವೇ ಇಲ್ಲದ ಅಜ್ಜಿಯೊಬ್ಬರು ಹಿಂದೆ ತಿರುಗದೆಯೇ, "ನಂಗೂ ಹಂಗೇ ಕಣಪ್ಪ. ನಂದು ಗೇಟಲ್ಲ, ಗ್ಯಾಸ್ ಒಲೆ. ಆರ್ಸಿದ್ನೋ ಇಲ್ವೋ ಅಂತ," ಎಂದರು. ವಿನ್ಸೆಂಟ್ ತಲೆ ಎತ್ತಿದ. "ನಿಮ್ಗೂ ಆಗುತ್ತಾ?" ಎಂದು ಕೇಳಿದ. ಆ ಮುಖ ನೋಡಿ ನನಗೆ ಅಳು ಬಂತು, ಸಂತೋಷಕ್ಕೆ.

ಕೊನೆಯ ಆನೆ ದಾಟಿತು. ವಾಚರ್ ಕೈ ಬೀಸಿದರು. ಒಂದು ನಿಮಿಷ ತಡವಾದರೆ ಒಂದು ಗಂಟೆ ಬೈಯುವ ಮಂಜಣ್ಣ ಕೀಲಿಗೆ ಕೈ ಹಾಕಿದ.

"ಒಸಿ ತಡ್ಕೊಳಪ್ಪ," ಎಂದರು ಅಜ್ಜಿ. "ಆ ಹುಡ್ಗ ಹೇಳ್ತಾ ಐತೆ."

ಮಂಜಣ್ಣ ಕೈ ತೆಗೆದ. ಇಡೀ ಬಸ್ಸು ಕಾದಿತು. ಎರಡು ದಿನಕ್ಕೆ ವಿನ್ಸೆಂಟ್ ತಾನಾಗಿ ಡಾಕ್ಟರ ಹತ್ತಿರ ಹೋಗಿ, ಎದ್ದು ಬರದೆ ಕೂತು, ಎಲ್ಲ ಹೇಳಿ ಬಂದ!

ಈಗ ನಮ್ಮ ಗುಂಪು ಸೇರುವುದು ಬಸ್ಸಿನಲ್ಲೇ. ಭಾನುವಾರ ಐದು ಗಂಟೆಗೆ ಮುಂಚೆ, ನಿಲ್ದಾಣದಲ್ಲಿ ನಿಂತ ಬಸ್ಸಿನಲ್ಲಿ ಎಲ್ಲರೂ ಮುಂದೆ ನೋಡುತ್ತಾ ಕೂರುತ್ತಾರೆ. ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ. ಬಸ್ಸಿನಲ್ಲಿ ಕೂತ ಜನ ಅಪರಿಚಿತರಿಗೂ ಮನೆ ಕಥೆಯೆಲ್ಲ ಹೇಳುವುದನ್ನು ಇಪ್ಪತ್ತು ವರ್ಷ ನೋಡಿಯೂ ನನಗೆ ಹೊಳೆದಿರಲಿಲ್ಲ. ಅಜ್ಜಿಯೂ ಖಾಯಂ ಸದಸ್ಯೆ. ಕೂರಲು ಜಾಗ ಸಾಲದಷ್ಟು ಜನ!

ಕಳೆದ ತಿಂಗಳು ಕಮಲಕ್ಕ, "ಎಲ್ರುದೂ ಆಯ್ತು. ನಿಮ್ದು ಹೇಳಿ ಕಂಡಕ್ಟ್ರೇ," ಎಂದರು. ಮೊದಲ ಬಾರಿಗೆ ನಾನೂ ಸೀಟಿನಲ್ಲಿ ಕೂತೆ. ಕಣ್ಣು ಮುಚ್ಚಿ ಆ ದಿನದ ನಡುಕ, ಸಾಯುವ ಭಯ, ಮನೆಯಲ್ಲಿ ಕೂತ ತಿಂಗಳುಗಳು, ಎಲ್ಲ ಹೇಳತೊಡಗಿದೆ. ಬಸ್ಸಿನಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಜನರ ಮನಸ್ಸು ಕರಗಿದೆ ಎಂದುಕೊಂಡು ಕಣ್ಣು ಬಿಟ್ಟೆ.

ವಿನ್ಸೆಂಟ್ ಕಿಟಕಿಗೆ ತಲೆ ಕೊಟ್ಟು, ಬಾಯಿ ತೆರೆದುಕೊಂಡು, ಗಾಢ ನಿದ್ದೆಯಲ್ಲಿದ್ದ. ಉಳಿದವರೆಲ್ಲ ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದರು.

ಐದು ಗಂಟೆಗೆ ಬಸ್ ಹೊರಟಿತು. ಅವನ ಸ್ಟಾಪ್ ಬಂದಾಗಲೂ ಯಾರೂ ಎಬ್ಬಿಸಲು ಬಿಡಲಿಲ್ಲ. ಕೆಳಗೆ ಕಾಯುತ್ತಿದ್ದ ಲಿಲ್ಲಿ ಕಿಟಕಿಯಲ್ಲಿ ಗಂಡನ ಮುಖ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು, ಹೋಗಿ ಹೋಗಿ ಎಂದು ಕೈಸನ್ನೆ ಮಾಡಿದಳು. ಯಸಳೂರಿನಲ್ಲಿ ಎಚ್ಚರವಾದವನು ಮೈ ಮುರಿದು, "ನಿಮ್ ಕಥೆ ಭಾಳ ಚೆನ್ನಾಗೈತೆ ಕಂಡಕ್ಟ್ರೇ. ಮುಂದಿನ್ ವಾರ ಮೊದ್ಲಿಂದ ಹೇಳಿ," ಎಂದ.

ಹೇಳಿದೆ. ಅಜ್ಜಿಯೂ ನಿದ್ದೆ ಹೋದರು. ನನ್ನ ಬದುಕಿನ ಅತ್ಯಂತ ನೋವಿನ ಕಥೆಯನ್ನು ಈಗ ಬೇಡಿಕೆಯ ಮೇರೆಗೆ ಪ್ರತಿ ಭಾನುವಾರ ಹೇಳುತ್ತಿದ್ದೇನೆ. ದೇವರ ದಯೆಯಿಂದ ಇಲ್ಲಿಯವರೆಗೆ ಯಾರೂ ಅದನ್ನು ಕೊನೆಯವರೆಗೆ ಕೇಳಿಲ್ಲ.