ಕಾರ್ ಶೆಡ್ಡಿಗೆ ಎರಡು ಅಡಿ

ಕಾರಿನ ಬಾಗಿಲು ತೆರೆದುಕೊಳ್ಳದಿದ್ದರೆ ಒಳಗಿರುವವರು ಹೊರಗೆ ಬರಲಾರರು. ಇದು ವಿವಾದಕ್ಕೆ ಎಡೆಯಿಲ್ಲದ ಸಂಗತಿಯೆಂದು ಶೈಲಿ ಸಂರಕ್ಷಣಾ ಕಚೇರಿಯೂ ತನ್ನ ಮೂರನೆಯ ಪತ್ರದಲ್ಲಿ ಒಪ್ಪಿಕೊಂಡಿದೆ.

ಕನ್ನಡಕದಂಗಡಿಯವನು ವಾಸವಿದ್ದ ಮನೆ ಕಟ್ಟಿ ಅರವತ್ತೈದು ವರ್ಷವಾಗಿತ್ತು. ಸಪಾಟು ಸೂರು, ನೆಲದಿಂದ ಸೂರಿನವರೆಗೆ ಗಾಜು, ಎತ್ತ ನೋಡಿದರೂ ನೆಟ್ಟನೆಯ ಗೆರೆ. ಕಳೆದ ಶತಮಾನದ ನಡುಗಾಲದ ಆಧುನಿಕ ಶೈಲಿ ಎಂದು ಅದಕ್ಕೆ ಹೆಸರು. ಇಷ್ಟು ಹಳೆಯದಾದರೂ ಆಧುನಿಕವೆನ್ನಿಸಿಕೊಂಡ ಕಾರಣಕ್ಕೆ ಸರ್ಕಾರ ಅದನ್ನು ಸಂರಕ್ಷಿತ ಪಟ್ಟಿಗೆ ಸೇರಿಸಿತ್ತು. ಮನೆ ದಿಬ್ಬದ ಮೇಲಿತ್ತು. ಬೀದಿಯಿಂದ ಮುಂಬಾಗಿಲಿಗೆ ಹದಿನೇಳು ಮೆಟ್ಟಿಲು. ಕಾರು ಮಾತ್ರ ಇಳಿಜಾರು ಹತ್ತಿ ನೇರ ಶೆಡ್ಡಿನೊಳಗೆ ಹೋಗುತ್ತಿತ್ತು. ಶೆಡ್ಡಿನಿಂದ ಪಕ್ಕದ ಹಾಲಿಗೆ ಒಂದು ಬಾಗಿಲು. ಅದು ಆ ಕಾಲದ ಕಾರಿಗೆ ಕಟ್ಟಿದ ಶೆಡ್ಡು. ಈ ಕಾಲದ ಕಾರು ಒಳಗೆ ನಿಂತರೆ ಅದರ ಬಾಗಿಲು ಒಂದು ಗೇಣು ತೆರೆಯುತ್ತಿತ್ತು.

ಒಂದು ಗೇಣಿನಲ್ಲಿ ಕನ್ನಡಕದಂಗಡಿಯವನು ನುಸುಳುತ್ತಿದ್ದ. ಗಣಿತದ ಟೀಚರಾಗಿದ್ದ ಅವನ ಹೆಂಡತಿ ಉಸಿರು ಬಿಗಿಹಿಡಿದು ನುಸುಳುತ್ತಿದ್ದಳು. ಅವರ ಜೊತೆಗಿದ್ದ ಅವನ ಅತ್ತೆಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆದಮೇಲೆ ಅದು ಸಾಧ್ಯವಾಗಲಿಲ್ಲ. ವಾರಕ್ಕೆರಡು ಸಲ ಆಸ್ಪತ್ರೆಯಲ್ಲಿ ಕಾಲಿಗೆ ವ್ಯಾಯಾಮ ಮಾಡಿಸಬೇಕಿತ್ತು. ಶೆಡ್ಡಿನ ಹೊರಗೇ ಇಳಿಸೋಣವೆಂದರೆ ಇಳಿಜಾರಿನಲ್ಲಿ ಗಾಲಿಕುರ್ಚಿ ನಿಲ್ಲದು. ಒಮ್ಮೆ ಅದು ತಾನಾಗಿಯೇ ಬೀದಿ ದಾಟಿ ಎದುರುಮನೆಯ ಗೇಟು ತಟ್ಟಿತ್ತು, ಪುಣ್ಯಕ್ಕೆ ಖಾಲಿಯಿತ್ತು. ಹೀಗಾಗಿ ಅತ್ತೆಯನ್ನು ಸೀಟು ಮಡಚಿ, ಸಾಮಾನು ತುಂಬುವ ಹಿಂಬಾಗಿಲಿನಿಂದ ಎಳೆದು ಇಳಿಸಿಕೊಳ್ಳುತ್ತಿದ್ದರು.

"ನಾನೇನು ಆಲೂಗಡ್ಡೆ ಮೂಟೆನಾ?" ಎಂದರು ಅತ್ತೆ, ಐದನೆಯ ಸಲ. "ಸಾಕು. ಇನ್ನು ನಾನು ಎಲ್ಲಿಗೂ ಬರಲ್ಲ."

ವ್ಯಾಯಾಮ ತಪ್ಪಿದರೆ ಮತ್ತೆ ನಡೆಯುವ ಮಾತು ಮರೆತುಬಿಡಿ ಎಂದರು ಡಾಕ್ಟರು. ಅಳಿಯ ಶೆಡ್ಡನ್ನು ಎರಡು ಅಡಿ ಅಗಲಿಸಲು ಅರ್ಜಿ ಹಾಕಿದ.

ತನಿಖೆಗೆ ಬಂದ ಅಧಿಕಾರಿಯನ್ನು ಊರವರು ಗೆರೆ ಸಾಹೇಬರು ಎನ್ನುತ್ತಿದ್ದರು. ಮಟ್ಟಸವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡದೆ ಅವರು ಯಾವ ಕುರ್ಚಿಯಲ್ಲೂ ಕೂರುತ್ತಿರಲಿಲ್ಲ. ಅವರು ಶೆಡ್ಡು ಅಳೆದರು, ಕಾರು ಅಳೆದರು.

"ಶೆಡ್ಡು ಸರಿಯಾಗೇ ಇದೆಯಲ್ರೀ. ಕಾರು ದಪ್ಪ."

"ಈಗಿನ ಕಾರೆಲ್ಲ ಹೀಗೇ ಸಾರ್."

"ಅದು ಶೆಡ್ಡಿನ ತಪ್ಪಲ್ಲ." ಆಮೇಲೆ ಅವರು ಟೇಪು ಹಿಡಿದು ಅತ್ತೆಯತ್ತ ನಡೆದರು.

"ನೀನೇನು ದರ್ಜಿಯೇನಪ್ಪ?" ಎಂದರು ಅತ್ತೆ.

"ದಾಖಲೆಗೆ, ಅಮ್ಮ."

ವರದಿ ಚಿಕ್ಕದಾಗಿತ್ತು: "ಗೋಡೆ ಮೂಲಸ್ಥಿತಿಯಲ್ಲಿದೆ. ಕಾರು ಮೂಲಸ್ಥಿತಿಯಲ್ಲಿಲ್ಲ. ಅತ್ತೆಯವರೂ ಮೂಲಸ್ಥಿತಿಯಲ್ಲಿಲ್ಲ. ಆದ್ದರಿಂದ ಗೋಡೆಯನ್ನು ಹೊಣೆಯಾಗಿಸಲು ಬರುವುದಿಲ್ಲ."

ಆದರೆ ನಿಯಮಕ್ಕೂ ಕರುಳಿದೆ. ಮನೆಯ ನಕ್ಷೆ ಬರೆದವರು ಒಪ್ಪಿದರೆ ಗೋಡೆ ಸರಿಸಬಹುದಿತ್ತು. ಅವರು ತೀರಿಕೊಂಡು ಮೂವತ್ತೊಂದು ವರ್ಷವಾಗಿದ್ದರಿಂದ ನೋಟೀಸನ್ನು ಸಮಾಧಿಯ ವಿಳಾಸಕ್ಕೆ ಕಳಿಸಲಾಯಿತು. ಮೂವತ್ತು ದಿನ ಉತ್ತರ ಬಾರದಿದ್ದರೆ ಮೌನವೇ ಸಮ್ಮತಿ. ಅಳಿಯ ದಿನ ಎಣಿಸಿದ. ಸಮಾಧಿಗಳ ಕಾವಲುಗಾರ ಮಾತ್ರ ಮರ್ಯಾದಸ್ಥ. ಬಂದ ಪತ್ರಕ್ಕೆ ಉತ್ತರಿಸದೆ ಇರುವ ಜಾಯಮಾನ ಅವನದಲ್ಲ. ಇಪ್ಪತ್ತೊಂಬತ್ತನೆಯ ದಿನ ಅವನು ಬರೆದು ಹಾಕಿದ: "ವಿಳಾಸದಾರರು ಸದ್ಯ ಉತ್ತರಿಸುವ ಸ್ಥಿತಿಯಲ್ಲಿಲ್ಲ."

"ಸದ್ಯ" ಎಂಬ ಪದ ಕಚೇರಿಯ ಗಮನ ಸೆಳೆಯಿತು. ಚೇತರಿಸಿಕೊಳ್ಳಲು ಅವರಿಗೆ ತೊಂಬತ್ತು ದಿನ ಕಾಲಾವಕಾಶ ನೀಡಿ, ಶೀಘ್ರ ಗುಣಮುಖರಾಗಲೆಂದು ಹಾರೈಸಿ, ಆ ಪತ್ರದ ಒಂದು ನಕಲನ್ನು ಅರ್ಜಿದಾರನಿಗೂ ಕಳಿಸಲಾಯಿತು.

ಅತ್ತೆ ನಲವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಪತ್ರವನ್ನು ಎರಡು ಸಲ ಓದಿದರು. "ಲೈನಲ್ಲೇ ಇರಿ ಅಂತ ನಾನೂ ಜನಾನ ಕಾಯಿಸಿದೀನಿ. ಆದ್ರೆ ಸತ್ತೋರ ನಂಬರಿಗೆ ಯಾರನ್ನೂ ಕಾಯಿಸಿಲ್ಲ."

ತೊಂಬತ್ತು ದಿನವಾಯಿತು. ನಕ್ಷೆಯವರು ಚೇತರಿಸಿಕೊಳ್ಳಲಿಲ್ಲ. ಕಚೇರಿ ಇನ್ನೂ ತೊಂಬತ್ತು ದಿನ ಕೊಟ್ಟಿತು.

ಆ ವಾರ ಅತ್ತೆಯ ಮಗಳು ಪಾಠ ಮುಗಿಸಿ ಶಾಲೆಯಿಂದ ನೇರ ಕಚೇರಿಗೆ ಹೋದಳು. ಗೆರೆ ಸಾಹೇಬರು ಯಾರದೋ ಮಹಡಿ ಅಳೆಯಲು ಹೋಗಿದ್ದರು. ಮೂಲೆಯ ಮೇಜಿನಲ್ಲಿ ಹಿರಿಯ ಗುಮಾಸ್ತೆಯೊಬ್ಬರಿದ್ದರು. ಆ ಕಚೇರಿಯಲ್ಲಿ ನಿಯಮದ ಪುಸ್ತಕವನ್ನು ಓದಿದ್ದವರು ಅವರೊಬ್ಬರೇ. ಹಾಗಾಗಿ ಅವರಿಗೆ ಬಡ್ತಿ ಸಿಕ್ಕಿರಲಿಲ್ಲ.

"ಮೇಡಂ, ಮೊನ್ನೆ ನಮ್ಮಮ್ಮ ನೀರಿನ ಲೋಟ ತಗೊಳ್ಳೋಕೆ ಅಂತ ಎದ್ದೋಳು, ಎದ್ದಷ್ಟೇ ಬೇಗ ಕೂತ್ಬಿಟ್ಲು," ಎಂದಳು ಮಗಳು. "ಏನೂ ಅನ್ನಲಿಲ್ಲ. ನಮ್ಮಮ್ಮ ಏನೂ ಅನ್ನದೆ ಇದ್ದಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು."

ಗುಮಾಸ್ತೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಶೆಡ್ಡು ಅಂತ ಬರೆದ್ರೆ ಏಳು ಜನ್ಮ ಎತ್ತಿದ್ರೂ ಆಗಲ್ಲಮ್ಮ. ಮಲಗೋ ಕೋಣೆ ಅಂತ ಬರೀರಿ. ವಯಸ್ಸಾದೋರು ಮಲಗೋ ಕೋಣೆ ಮೂರಡಿವರೆಗೂ ಅಗಲಿಸ್ಕೊಬಹುದು. ಯಾರೂ ಕೇಳೋ ಹಾಗಿಲ್ಲ."

"ಅಲ್ಲಿ ಕಾರು ನಿಲ್ಲುತ್ತಲ್ಲ ಮೇಡಂ?"

"ಒಂದು ಮಂಚ ಹಾಕ್ಬಿಡಿ."

ಮಂಚ ಹಾಕಿದರು. ಮೂರೇ ದಿನದಲ್ಲಿ ಅನುಮತಿ ಬಂತು, ಎರಡು ಷರತ್ತುಗಳೊಂದಿಗೆ. ಒಂದು, ಮಲಗುವ ಕೋಣೆಯಲ್ಲಿ ಕಾರು ನಿಲ್ಲಿಸತಕ್ಕದ್ದಲ್ಲ. ಎರಡು, ಈ ಶೈಲಿಯ ಮನೆಗೆ ಶೆಡ್ಡು ಅವಿಭಾಜ್ಯ ಅಂಗವಾದ್ದರಿಂದ, ಹದಿನೈದು ದಿನದೊಳಗೆ ಬೇರೊಂದು ಕೋಣೆಯನ್ನು ಶೆಡ್ಡೆಂದು ಘೋಷಿಸತಕ್ಕದ್ದು, ತಪ್ಪಿದಲ್ಲಿ ಶೈಲಿಭಂಗ.

ಗೆರೆ ಸಾಹೇಬರು ಮತ್ತೆ ಬಂದರು. ಅಡುಗೆಮನೆ ಸಣ್ಣದು, ಬಚ್ಚಲುಮನೆ ಜಾರುತ್ತದೆ. ಹಾಲಿನಲ್ಲಿ ಅವರು ಬಹಳ ಹೊತ್ತು ನಿಂತರು. ಇಪ್ಪತ್ತನಾಲ್ಕು ಅಡಿ ಅಗಲ. ಹೊರಗಿನ ಗೋಡೆಯೆಲ್ಲ ಪಕ್ಕಕ್ಕೆ ಸರಿಯುವ ಗಾಜು. ಹುಲ್ಲಿನ ಮೇಲೆ ಹತ್ತಿಸಿದರೆ ಕಾರು ನೇರ ಒಳಗೆ.

"ಇದೇ," ಎಂದರು.

"ಸಾರ್, ಇದು ನಾವು ಕೂತ್ಕೊಳ್ಳೋ ಜಾಗ."

"ಕಾರಲ್ಲಿ ಕೂತ್ಕೊಳ್ಳೋಕೆ ಏನ್ರೀ ತೊಂದ್ರೆ? ಐದು ಸೀಟಿದೆ."

ಅಳಿಯ ಸೋಫಾವನ್ನು ಗೋಡೆಗೆ ಒತ್ತರಿಸಿದ.

ಕಾರು ಹಾಲಿಗೆ ಬಂತು. ನಾಲ್ಕೂ ಬಾಗಿಲು ಪೂರ್ತಿ ತೆರೆದವು. ಅತ್ತೆ ಕಾಲನ್ನು ನೆಲಕ್ಕೆ ಊರಿ, ಬಾಗಿಲ ಅಂಚು ಹಿಡಿದು ಎದ್ದು ನಿಂತು, ಸುತ್ತ ನೋಡಿದರು. "ಇಷ್ಟೇ ತಾನೇ ನಾನು ಕೇಳಿದ್ದು," ಎಂದರು. ವ್ಯಾಯಾಮ ಮತ್ತೆ ಶುರುವಾಯಿತು. ನಾಲ್ಕನೆಯ ತಿಂಗಳು ಒಂದು ಸಂಜೆ ಕಾರಿನಿಂದ ಇಳಿದವರು, ಯಾರನ್ನೂ ಹಿಡಿಯದೆ ಏಳು ಹೆಜ್ಜೆ ನಡೆದು ತಾವೇ ನೀರು ಬಗ್ಗಿಸಿಕೊಂಡು ಕುಡಿದರು. ಮಗಳು ನಲ್ಲಿ ತಿರುಗಿಸಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಇನ್ನೊಮ್ಮೆ ತೊಳೆದಳು. ಬಹಳ ಹೊತ್ತು ತೊಳೆದಳು.

ಹೀಗೆ ಸಮಸ್ಯೆ ಬಗೆಹರಿದಿದ್ದರಿಂದ ಹಳೆಯ ಶೆಡ್ಡನ್ನು ಅಗಲಿಸುವ ಅಗತ್ಯವಿಲ್ಲವೆಂದು ಅಳಿಯ ವಿನಯದಿಂದ ಬರೆದ. ಕೊಟ್ಟ ಅನುಮತಿಯನ್ನು ಬಳಸದಿರುವುದು ಕಚೇರಿಗೆ ತೋರಿದ ಅಗೌರವವೆಂದು ಉತ್ತರ ಬಂತು. ಗೋಡೆ ಒಡೆದು ಎರಡು ಅಡಿ ಆಚೆ ಕಟ್ಟಿದರು. ಜಾಗ ದೊಡ್ಡದಾಯಿತು. ಈಗ ಅಲ್ಲಿ ಕಾರನ್ನು ನಿಲ್ಲಿಸಿ ಬಾಗಿಲು ಆರಾಮಾಗಿ ತೆರೆಯಬಹುದಿತ್ತು. ಮಲಗುವ ಕೋಣೆಯಾದ್ದರಿಂದ ನಿಲ್ಲಿಸುವಂತಿರಲಿಲ್ಲ. ಅಲ್ಲಿ ಅತ್ತೆ ಮಲಗುತ್ತಾರೆ.

ಹಾಲಿನಲ್ಲಿ, ಅಂದರೆ ಕಡತದ ಪ್ರಕಾರ ಶೆಡ್ಡಿನಲ್ಲಿ, ಸೋಫಾ ಇಡಲು ಅವಕಾಶವಿಲ್ಲ, ಅದನ್ನು ಮಾರಿದರು. ಸಂಜೆ ಮೂವರೂ ಕಾರಿನಲ್ಲಿ ಕೂತು ಮುಂದಿನ ಗಾಜಿನಿಂದ ಟೀವಿ ನೋಡುತ್ತಾರೆ. ಅಳಿಯ ಸ್ಟೀರಿಂಗಿನ ಹಿಂದೆ, ಅತ್ತೆ ಅವನ ಪಕ್ಕ, ಮಗಳು ಹಿಂದಿನ ಸೀಟಿನಲ್ಲಿ ಲೆಕ್ಕದ ನೋಟ್‌ಬುಕ್ಕು ತಿದ್ದುತ್ತಾ. ಚಾನೆಲ್ಲಿನ ವಿಷಯಕ್ಕೆ ಸೋಫಾದ ಕಾಲದಲ್ಲಿ ನಡೆಯುತ್ತಿದ್ದ ಜಗಳವೇ ಈಗಲೂ ನಡೆಯುತ್ತದೆ. ಬೀದಿಯವರು ಮೊದಲು ಗಾಜಿಗೆ ಮೂಗೊತ್ತಿ ನಕ್ಕರು. ಅವರ ಶೆಡ್ಡುಗಳೂ ಅಷ್ಟೇ ಅಗಲದವು, ಅವರ ಕಾರುಗಳೂ ಅಷ್ಟೇ ದಪ್ಪ. ವರ್ಷ ಮುಗಿಯುವಷ್ಟರಲ್ಲಿ ಹನ್ನೊಂದು ಮನೆಗಳ ಹಾಲಿಗೆ ಕಾರು ಬಂದಿತ್ತು. ಶೈಲಿ ಒಂದಿಷ್ಟೂ ಕೆಟ್ಟಿಲ್ಲವೆಂದು ಕಚೇರಿ ವಾರ್ಷಿಕ ವರದಿಯಲ್ಲಿ ಸಂತೋಷ ವ್ಯಕ್ತಪಡಿಸಿತು.

ಕಳೆದ ಭಾನುವಾರ ಮಗಳ ಶಾಲೆಯ ಮುಖ್ಯೋಪಾಧ್ಯಾಯಿನಿ ಮೊದಲ ಸಲ ಆ ಮನೆಗೆ ಬಂದರು. ಹದಿನೇಳು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದವರು, ಹಾಲಿನಲ್ಲಿ ಕಾರು ಕಂಡೊಡನೆ ಚಪ್ಪಲಿ ಬಿಟ್ಟು, ಹಿಂದಿನ ಬಾಗಿಲು ತೆರೆದು, ಸೆರಗು ಸಿಕ್ಕಿಕೊಳ್ಳದ ಹಾಗೆ ಎಳೆದುಕೊಂಡು ಕೂತರು. ಮನೆ ಚೆನ್ನಾಗಿದೆ, ಗಾಳಿ ಬೆಳಕು ಇದೆ ಎಂದರು. ತಮ್ಮ ಮನೆಯಲ್ಲಿ ಇರುವುದು ಏಳು ಸೀಟಿನದು, ನೆಂಟರಿಷ್ಟರು ಬಂದರೆ ಅನುಕೂಲ ಎಂದರು.

ಮುಂದಿನ ಸೀಟಿನಿಂದ ಅತ್ತೆ ಹಿಂದಕ್ಕೆ ತಿರುಗಿದರು.

"ಕಾಫಿ ಕೊಡ್ತಾಳೆ ಇರಿ. ಮೊದಲು ಬೆಲ್ಟ್ ಹಾಕ್ಕೊಳ್ಳಿ."

ಮುಖ್ಯೋಪಾಧ್ಯಾಯಿನಿ ಬೆಲ್ಟ್ ಹಾಕಿಕೊಂಡರು.